ಇಲ್ಲದ ಹುದ್ದೆಯ ಹೆಡ್ ಮೇಡಂ

ಊರಲ್ಲಿ ಎಲ್ರೂ ನನ್ನ ಹೆಡ್ ಮೇಡಂ ಅಂತಾನೇ ಕರೆಯೋದು. ಬಸ್ ಕಂಡಕ್ಟರು, ಸೊಸೈಟಿಯೋರು, ಹಾಲಿನ ಡೈರಿಯೋರು, ಕೊನೆಗೆ ದೇವಸ್ಥಾನದ ಭಟ್ರೂ. ಆದ್ರೆ ನಿಜ ಹೇಳ್ಬೇಕು ಅಂದ್ರೆ ನಮ್ಮ ಶಾಲೆಗೆ ಹೆಡ್ ಮಾಸ್ಟ್ರು ಅನ್ನೋ ಪೋಸ್ಟೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ ಕೊನೇಲಿ ಒಂದು ಪಟ್ಟಿ ಇದೆ. ಅದ್ರ ಪ್ರಕಾರ ಒಂದರಿಂದ ಐದನೇ ಕ್ಲಾಸಿನ ಶಾಲೇಲಿ 60 ಮಕ್ಕಳ ತನಕ ಇಬ್ರು ಶಿಕ್ಷಕರು, 90ರ ತನಕ ಮೂರು ಜನ, 120ರ ತನಕ ನಾಲ್ಕು ಜನ, ಹೀಗೆ ಏರ್ತಾ ಹೋಗಿ ಮಕ್ಕಳು 150 ದಾಟಿದ್ರೆ ಐದು ಜನ ಶಿಕ್ಷಕರ ಜೊತೆಗೆ ಒಬ್ರು ಮುಖ್ಯ ಶಿಕ್ಷಕರು. ನಮ್ಮ ಶಿವಮೊಗ್ಗ ಜಿಲ್ಲೆಯ ಹೊಸನಗರ, ತೀರ್ಥಹಳ್ಳಿ, ಸಾಗರದ ಕಾಡಂಚಿಗೆ ಬಂದು 150 ಮಕ್ಕಳಿರೋ ಕಿರಿಯ ಪ್ರಾಥಮಿಕ ಶಾಲೆ ಹುಡುಕಿ ನೋಡಿ ಮಾರಾಯ್ರೆ. ಇಲ್ಲಿ ಗುಡ್ಡಕ್ಕೊಂದು ಮನೆ, ತೋಟಕ್ಕೊಂದು ಮನೆ, ಒಂದು ಮನೇಲಿ ಕೂಗಿದ್ರೆ ಇನ್ನೊಂದು ಮನೆಗೆ ಕೇಳಲ್ಲ, ಇಂಥಾ ಐದಾರು ಕೇರಿ ಸೇರಿ ಒಂದು ಶಾಲೆ, ಅದ್ರಲ್ಲಿ ನಮ್ಮಲ್ಲಿ ಈಗ ಇರೋದು 23 ಮಕ್ಕಳು. ಹಾಗಾಗಿ ಇರೋ ಇಬ್ರಲ್ಲಿ ಯಾರು ಸೀನಿಯರೋ ಅವ್ರಿಗೆ ಪ್ರಭಾರ, ಅಂದ್ರೆ ಹೆಡ್ ಕೆಲ್ಸ ನೋಡ್ಕೊಳ್ಳೋ ಹೊಣೆ. ನಂಗೆ ಅದು ಬಿದ್ದು ಎಷ್ಟೋ ಕಾಲ ಆಯ್ತು. ಪ್ರಭಾರಕ್ಕೆ ಸಂಬಳ ಎಷ್ಟು ಜಾಸ್ತಿ ಅಂತ ನೆಂಟರು ಕೇಳ್ತಾರೆ, ನಾನು ನಗಾಡಿ ಸುಮ್ನಾಗ್ತೀನಿ.

ಶಾಲೆ ಸಣ್ಣದಾದ್ರೆ ಕೆಲ್ಸಾನೂ ಸಣ್ಣದಾಗುತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ, ನಮ್ಮ ಮನೆಯವ್ರೂ ಸೇರಿ. 300 ಮಕ್ಕಳಿರೋ ಪೇಟೆ ಶಾಲೇಲಿ ಎಷ್ಟು ರಿಜಿಸ್ಟರ್ ಇರುತ್ತೋ ನಮ್ಮಲ್ಲೂ ಅಷ್ಟೇ ಇದೆ, ಅವ್ರು ಎಷ್ಟು ಆನ್‌ಲೈನ್ ಎಂಟ್ರಿ ಮಾಡ್ತಾರೋ ನಾವೂ ಅಷ್ಟೇ ಮಾಡ್ಬೇಕು, ಅವ್ರು ಎಷ್ಟು ಮೀಟಿಂಗಿಗೆ ಹೋಗ್ತಾರೋ ನಾನೂ ಅಷ್ಟಕ್ಕೂ ಹೋಗ್ಬೇಕು. ವ್ಯತ್ಯಾಸ ಏನಪ್ಪಾ ಅಂದ್ರೆ ಅಲ್ಲಿ ಹೆಡ್ ಮಾಸ್ಟ್ರು ಮೀಟಿಂಗಿಗೆ ಹೋದ್ರೆ ಎಂಟು ಜನ ಟೀಚರ್ ಉಳೀತಾರೆ, ಇಲ್ಲಿ ನಾನು ಹೋದ್ರೆ ಐದು ಕ್ಲಾಸಿಗೂ ಸೇರಿ ಒಬ್ರೇ. ಅವ್ರಿಗೂ ಅದೇ ದಿನ ಟ್ರೈನಿಂಗ್ ಬಿದ್ರೆ ಪಕ್ಕದೂರಿನ ಶಾಲೆಯಿಂದ ಯಾರನ್ನಾದ್ರೂ ಕಳಿಸಿ ಅಂತ ಫೋನ್ ಮಾಡ್ಕೊಂಡು ಕೂರ್ಬೇಕು, ಆಗ ಪಕ್ಕದೂರಲ್ಲೂ ಒಬ್ರೇ.

ಬೆಳಿಗ್ಗೆ ಹೋದ ತಕ್ಷಣ ಹಾಲಿನ ಲೆಕ್ಕ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾದಾಗಿಂದ ಇದು ನನ್ನ ದಿನದ ಮೊದಲನೇ ಗಣಿತ: ಒಂದು ಮಗುಗೆ 18 ಗ್ರಾಂ ಪುಡಿ, ಅದ್ರಲ್ಲಿ 150 ಎಂಎಲ್ ಹಾಲು. 23 ಮಕ್ಕಳೂ ಬಂದ್ರೆ 414 ಗ್ರಾಂ. ನಾಡಗೀತೆ, ಸಂವಿಧಾನದ ಪೀಠಿಕೆ ಎಲ್ಲಾ ಮುಗಿಯೋ ಹೊತ್ತಿಗೆ ಅಡುಗೆಯಕ್ಕ ಹಾಲು ಕಾಯ್ಸಿ ಇಟ್ಟಿರ್ತಾರೆ. ಆಮೇಲೆ ಊಟದ ಲೆಕ್ಕ, ತಲೆಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಕಾಗದದ ಮೇಲೆ ಎಷ್ಟು ಚಂದ ಇದು. ಆದ್ರೆ ಅಡಿಕೆ ಸುಲಿಯೋ ಸೀಸನ್ನಲ್ಲಿ ಬಂದು ನೋಡಿ. ರಾತ್ರಿ ಹನ್ನೊಂದು ಹನ್ನೆರಡರ ತನಕ ದೊಡ್ಡ ಮನೆಯೋರ ಅಂಗಳದಲ್ಲಿ ಸುಲಿತ ಇರುತ್ತೆ, ಸುಲಿದಷ್ಟಕ್ಕೆ ದುಡ್ಡು, ಹಾಗಾಗಿ ಅಮ್ಮಂದಿರು ಹೋಗ್ತಾರೆ, ಮನೇಲಿ ಮಕ್ಕಳನ್ನ ಯಾರ ಹತ್ರ ಬಿಡೋದು ಅಂತ ಅವ್ರನ್ನೂ ಕರ್ಕೊಂಡು ಹೋಗ್ತಾರೆ, ಅವು ಅಡಿಕೆ ಸಿಪ್ಪೆ ರಾಶಿ ಪಕ್ಕ ಗೋಣಿಚೀಲ ಹಾಸ್ಕೊಂಡು ಮಲಗಿರ್ತವೆ. ಬೆಳಿಗ್ಗೆ ಹತ್ತು ಗಂಟೆಗೆ ಹದಿನೈದು ಮಕ್ಕಳು, ಹನ್ನೊಂದಕ್ಕೆ ಹದಿನೆಂಟು, ಹನ್ನೆರಡಕ್ಕೆ ಇನ್ನೂ ಎರಡು ಕಣ್ಣುಜ್ಜಿಕೊಂಡು ಬರ್ತವೆ. ಅಕ್ಕಿ ಹಾಕಿದ್ದು ಹತ್ತು ಗಂಟೆ ಲೆಕ್ಕಕ್ಕೆ. ಬಂದ ಮಗುಗೆ ಊಟ ಇಲ್ಲ ಅನ್ನೋಕಾಗುತ್ತಾ? ಹಾಗಾಗಿ ನಮ್ಮ ಅಡುಗೆಯಕ್ಕ ತಾನೇ ಒಂದು ಅಂದಾಜು ಇಟ್ಕೊಂಡಿದಾರೆ, ಯಾರ ಮನೇಲಿ ಇವತ್ತು ಸುಲಿತ ಅಂತ ಅವ್ರಿಗೆ ನನಗಿಂತ ಮುಂಚೆ ಗೊತ್ತಿರುತ್ತೆ.

ಊಟ ಮಕ್ಕಳಿಗೆ ಬಡಿಸೋಕೆ ಮುಂಚೆ ನಾವು ತಿಂದು ನೋಡಿ ರುಚಿ ಪುಸ್ತಕದಲ್ಲಿ ಸಹಿ ಹಾಕ್ಬೇಕು. ಇದನ್ನ ಕೆಲವರು ಶಾಸ್ತ್ರಕ್ಕೆ ಮಾಡ್ತಾರೆ, ನಾನು ಮಾತ್ರ ಶಾಸ್ತ್ರಕ್ಕೆ ಮಾಡಲ್ಲ. 2013ರ ಜುಲೈನಲ್ಲಿ ಬಿಹಾರದ ಛಪ್ರಾ ಕಡೆ ಒಂದು ಶಾಲೇಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತು ಹೋದ್ವು, ಅಡುಗೆ ಎಣ್ಣೆಗೆ ಕೀಟನಾಶಕ ಸೇರಿತ್ತು. ಆ ಸಂಖ್ಯೆ ನೋಡಿದಾಗೆಲ್ಲ ನಮ್ಮ ಶಾಲೆ ಹಾಜರಿ ಪುಸ್ತಕನೇ ಕಣ್ಣಿಗೆ ಬರುತ್ತೆ. ನಮ್ಮದು ಅಡಿಕೆ ಸೀಮೆ, ಮನೆ ಮನೇಲಿ ತೋಟಕ್ಕೆ ಹೊಡೆಯೋ ಔಷಧಿ ಡಬ್ಬ, ಮೈಲುತುತ್ತದ ಬಕೆಟ್ಟು, ಖಾಲಿ ಆದ ಕ್ಯಾನನ್ನ ತೊಳ್ದು ಮಜ್ಜಿಗೆಗೂ ಎಣ್ಣೆಗೂ ಇಟ್ಕೊಳ್ಳೋ ಅಭ್ಯಾಸ ಬೇರೆ ಇದೆ. ಶಾಲೆ ಅಡುಗೆ ಕೋಣೆ ಒಳಗೆ ಹೊರಗಿನ ಒಂದು ಕ್ಯಾನೂ ಬರಬಾರ್ದು ಅಂತ ನಾನು ಹಟ ಹಿಡ್ದಾಗ ಜನ ಅತಿ ಆಯ್ತು ಅಂದ್ರು. ಅನ್ಲಿ.

ಮೊಟ್ಟೆ ವಿಷ್ಯ ಒಂದು ಹೇಳ್ಬೇಕು. ವಾರಕ್ಕೆ ಎರಡು ಇದ್ದಿದ್ದು 2024ರ ಸೆಪ್ಟೆಂಬರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ವಾರಕ್ಕೆ ಆರು ಆಯ್ತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಮಕ್ಕಳಿಗೆ ಹಬ್ಬ, ಅದ್ರಲ್ಲಿ ಎರಡು ಮಾತಿಲ್ಲ. ಒಂದು ಮೊಟ್ಟೆಗೆ 6 ರೂಪಾಯಿ, ಅದ್ರೊಳಗೇ ಬೇಯಿಸೋ ಗ್ಯಾಸು, ಸಿಪ್ಪೆ ಸುಲಿಯೋ ಕೂಲಿ ಎಲ್ಲಾ ಬರ್ಬೇಕು. ಸಂತೇಲಿ ಮೊಟ್ಟೆನೇ 6 ದಾಟಿದ ದಿನಗಳಲ್ಲಿ ಲೆಕ್ಕ ಎಲ್ಲಿಂದ ಕೂಡಿಸೋದು, ಕೈಯಿಂದ ಹಾಕೋದು ಅಷ್ಟೇ. ಇನ್ನು ತರೋದು ಯಾರು? ನಾನೇ. ನಮ್ಮೂರಿಗೆ ಹೋಗೋ ಬಸ್ಸಲ್ಲಿ ಟ್ರೇ ತೊಡೆ ಮೇಲೆ ಇಟ್ಕೊಂಡು ಕೂತಿರೋ ಹೆಂಗಸು ಕಂಡ್ರೆ ಅದು ಯಾವ್ದೋ ಸರ್ಕಾರಿ ಶಾಲೆ ಹೆಡ್ಡೇ ಅಂತ ತಿಳ್ಕೊಳ್ಳಿ. ಕಂಡಕ್ಟರು ನಂಗೆ ಅಂತ ಮುಂದಿನ ಸೀಟು ಹಿಡ್ದಿಡ್ತಾನೆ, ನನ್ನ ಮೇಲಿನ ಗೌರವಕ್ಕಲ್ಲ, ಒಂದ್ಸಲ ಬಸ್ಸಲ್ಲಿ ಮೊಟ್ಟೆ ಒಡೆದು ತೊಳೆಯೋಕೆ ಅವನಿಗೇ ಆಗಿತ್ತು.

ಇಷ್ಟೆಲ್ಲ ಓದಿ ಪಾಪ ಎಷ್ಟು ಕಷ್ಟ ಅಂದ್ಕೋಬೇಡಿ. ನಾನು ಹೇಳೋಕೆ ಹೊರಟಿದ್ದು ಬೇರೆ. ಟೀಚರ್‌ಗಳಿಗೆ ಪಾಠ ಬಿಟ್ಟು ಬೇರೆ ಕೆಲ್ಸ ಜಾಸ್ತಿ ಅಂತ ಎಲ್ರೂ ಹೇಳ್ತಾರೆ, ನಮ್ಮ ಸಂಘದೋರೂ ಭಾಷಣ ಮಾಡ್ತಾರೆ, ಆದ್ರೆ ಆ ಬೇರೆ ಕೆಲ್ಸ ಅನ್ನೋದನ್ನೆಲ್ಲ ಒಂದೇ ಗಂಟಿಗೆ ಕಟ್ಟೋದು ನಂಗೆ ಒಪ್ಪಿಗೆ ಇಲ್ಲ. ಹಾಲು ಕಾಯ್ಸೋದು, ಊಟ ರುಚಿ ನೋಡೋದು, ಜ್ವರ ಬಂದ ಮಗುನ ಬೈಕಲ್ಲಿ ಕೂರ್ಸಿ ಮನೆಗೆ ಕಳ್ಸೋದು, ಇದೆಲ್ಲ ನಂಗೆ ಶಾಲೆನೇ. ಭಾರ ಆಗೋದು ಮಾಡಿದ ಕೆಲ್ಸಕ್ಕೆ ಸಾಕ್ಷಿ ಕೊಡೋದು. ಹಾಲು ಕೊಟ್ಟೆ ಅಂತ ರಿಜಿಸ್ಟರಲ್ಲಿ ಬರೀಬೇಕು, ಅದನ್ನೇ ಆನ್‌ಲೈನಲ್ಲಿ ಹಾಕ್ಬೇಕು, ಅದನ್ನೇ ತಿಂಗಳ ಕೊನೆಗೆ ಫಾರ್ಮಲ್ಲಿ ತುಂಬಿ ಕಳಿಸ್ಬೇಕು, ಇದ್ರ ಮಧ್ಯೆ ಒಂದು ದಿನ ವಾಟ್ಸಾಪಲ್ಲಿ ಬರುತ್ತೆ, ತುರ್ತು, ಮಕ್ಕಳು ಹಾಲು ಕುಡಿಯುತ್ತಿರುವ ಜಿಪಿಎಸ್ ಫೋಟೋ ಈ ಕೂಡಲೇ ಕಳಿಸುವುದು. ಆಗ ಮಧ್ಯಾಹ್ನ ಮೂರೂಮುಕ್ಕಾಲು ಗಂಟೆ. ಹಾಲು ಕುಡ್ದು ಲೋಟ ತೊಳ್ದು ಕವುಚಿ ಆಗಿದೆ. ಖಾಲಿ ಲೋಟ ಹಿಡ್ಕೊಂಡು ಕುಡಿಯೋ ಹಾಗೆ ಮಾಡಿ ಅಂತ ಮಕ್ಕಳಿಗೆ ಹೇಳೋ ಹೆಡ್ಡುಗಳು ಇದಾರೆ. ನಾನು ನಾಳೆ ಬೆಳಿಗ್ಗೆ ಕಳಿಸ್ತೀನಿ ಅಂತ ಹಾಕಿ ಫೋನ್ ಬ್ಯಾಗಿಗೆ ಹಾಕ್ತೀನಿ, ಗ್ರೂಪಲ್ಲಿ ವರದಿ ಬಾಕಿ ಇರುವ ಶಾಲೆಗಳು ಅನ್ನೋ ಪಟ್ಟೀಲಿ ನಮ್ಮ ಶಾಲೆ ಹೆಸರು ಕೆಂಪು ಬಣ್ಣದಲ್ಲಿ ಬರುತ್ತೆ.

ಕಳಿಸ್ಬೇಕು ಅಂದ್ರೂ ನೆಟ್‌ವರ್ಕ್ ಬೇಕಲ್ಲ. ನಮ್ಮ ಶಾಲೆ ಹಿಂದೆ ಗುಡ್ಡ ಹತ್ತಿ ಒಂದು ಹಳೇ ಹುಣಸೆಮರದ ಹತ್ರ ನಿಂತ್ರೆ ಎರಡು ಕಡ್ಡಿ ಸಿಗುತ್ತೆ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟವರಿನ ಬ್ಯಾಟ್ರಿ ಸತ್ತು ಅದೂ ಇಲ್ಲ. ಹಾಗಾಗಿ ಸ್ಯಾಟ್ಸ್, ಯುಡೈಸ್ ಅಂತ ಮಕ್ಕಳ, ಶಾಲೆಯ ಮಾಹಿತಿ ತುಂಬೋ ಸರ್ಕಾರಿ ವೆಬ್‌ಸೈಟುಗಳ ಎಂಟ್ರಿ ಎಲ್ಲಾ ಮನೆಗೆ ಹೋದ್ಮೇಲೆ ರಾತ್ರಿ. ಮಕ್ಕಳ ಅಪಾರ್ ಐಡಿ, ಅಂದ್ರೆ ಪ್ರತಿ ವಿದ್ಯಾರ್ಥಿಗೆ ಕೊಡೋ ಗುರುತಿನ ನಂಬರ್, ಮಾಡೋವಾಗ ಆಧಾರಲ್ಲಿ ಇರೋ ಹೆಸ್ರಿಗೂ ಶಾಲೆ ದಾಖಲೆ ಹೆಸ್ರಿಗೂ ಒಂದಕ್ಷರ ಹೊಂದದಿದ್ರೂ ತಗೊಳ್ಳಲ್ಲ. ಇನಿಷಿಯಲ್ ಹಿಂದೆ ಇದ್ಯಾ ಮುಂದೆ ಇದ್ಯಾ, ಡಬಲ್ ಎ ಹಾಕಿದಾರಾ ಸಿಂಗಲ್ ಎ ಹಾಕಿದಾರಾ, ಇದಕ್ಕೆ ಒಬ್ಬ ತಂದೆ ಕೂಲಿ ಬಿಟ್ಟು ಎಷ್ಟು ಸಲ ಪೇಟೆಗೆ ಓಡಾಡಿದಾನೋ. ಅವನಿಗೆ ನನ್ನ ಮೇಲೆ ಸಿಟ್ಟು. ಸಿಟ್ಟು ಬರೋದೂ ಸರಿ ಅನ್ಸುತ್ತೆ, ಅವನಿಗೆ ಕಾಣೋ ಸರ್ಕಾರ ಅಂದ್ರೆ ನಾನೊಬ್ಳೇ ತಾನೆ.

2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ನೆನಪಿದ್ಯಲ್ಲ, ಜಾತಿಗಣತಿ ಅಂತ ಜನ ಅಂದಿದ್ದು. 60 ಪ್ರಶ್ನೆ, ಆ್ಯಪಲ್ಲಿ. ಅಕ್ಟೋಬರ್ 7ಕ್ಕೆ ಮುಗಿಬೇಕಿದ್ದಿದ್ದು ಮುಗಿಲಿಲ್ಲ, ದಸರಾ ರಜೆನ 18ರ ತನಕ ಎಳೆದ್ರು. ಶಿಕ್ಷಣ ಹಕ್ಕು ಕಾಯ್ದೆ 27ನೇ ಸೆಕ್ಷನ್ನಲ್ಲಿ ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲ್ಸಕ್ಕೆ ಶಿಕ್ಷಕರನ್ನ ಹಾಕಬಾರ್ದು ಅಂತಿದೆ, ಇದು ಆ ಮೂರರಲ್ಲಿ ಯಾವುದಕ್ಕೆ ಸೇರುತ್ತೆ ಅಂತ ನಮ್ಮ ಕ್ಲಸ್ಟರ್, ಅಂದ್ರೆ ಸುತ್ತಲಿನ ಶಾಲೆಗಳ ಟೀಚರ್‌ಗಳಲ್ಲಿ ದೊಡ್ಡ ಚರ್ಚೆ ಆಯ್ತು, ಚರ್ಚೆ ಮುಗಿಸಿ ಎಲ್ರೂ ಕಿಟ್ ತಗೊಂಡು ಹೊರಟ್ರು. ಒಂದು ಮನೆಯಿಂದ ಇನ್ನೊಂದಕ್ಕೆ ಅರ್ಧ ಗಂಟೆ ಏರು ದಾರಿ, ಕಾಲಿಗೆ ರಕ್ತ ಹೀರೋ ಇಂಬಳ, ಹೋದ್ರೆ ಓಟಿಪಿ ಬರಲ್ಲ, ಮನೆ ಯಜಮಾನ್ರು ಫೋನ್ ಹಿಡ್ಕೊಂಡು ತೋಟದ ತುದಿಗೆ ಹೋಗಿ ನಿಂತು ಅಲ್ಲಿಂದ ನಂಬರ್ ಕೂಗೋದು, ನಾನು ಜಗಲಿಯಿಂದ ಒತ್ತೋದು, ಅಷ್ಟರಲ್ಲಿ ಟೈಮ್ ಔಟ್. ಆದ್ರೆ ಒಂದು, ಆ ಸಮೀಕ್ಷೆಗೆ ಹೋಗಿದ್ದಕ್ಕೇ ನಮ್ಮ ಮೂರನೇ ಕ್ಲಾಸಿನ ಹುಡುಗಿ ದಿನಾ ಎಲ್ಲಿಂದ ನಡ್ಕೊಂಡು ಬರ್ತಾಳೆ ಅಂತ ನಾನು ಕಾಲಲ್ಲಿ ತಿಳ್ಕೊಂಡೆ. ಅವಳು ಲೇಟಾಗಿ ಬಂದ್ರೆ ಈಗ ನಾನು ಗಡಿಯಾರ ನೋಡಲ್ಲ.

ಮಳೆ ಬಗ್ಗೆ ಹೇಳ್ದೆ ಮಲೆನಾಡಿನ ಶಾಲೆ ಕತೆ ಮುಗಿಯಲ್ಲ. ಆಗುಂಬೆ, ಹುಲಿಕಲ್, ಮಾಸ್ತಿಕಟ್ಟೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಜಾಗಗಳು ಇವು. ಶಾಲೆ ಶುರುವಾಗೋದು ಮೇ ಕೊನೆಗೆ, ತಳಿರು ತೋರಣ ಕಟ್ಟಿ ಪ್ರಾರಂಭೋತ್ಸವ ಮಾಡಿ ಹದಿನೈದು ದಿನಕ್ಕೆ ಜಡಿಮಳೆ. ಮೇ ತಿಂಗಳಲ್ಲಿ ನನ್ನ ರಜೆ ಹೋಗೋದು ಮಾಡಿನ, ಅಂದ್ರೆ ಹಂಚಿನ ಚಾವಣಿಯ ಕೆಲ್ಸಕ್ಕೆ. ಮಂಗಗಳು ಕುಣ್ದು ಹಂಚು ಒಡ್ದಿರ್ತವೆ, ಹಂಚಿನ ಕೆಳಗಿನ ಮರದ ಪಕಾಸಿ ರೀಪು ಗೆದ್ದಲು ಹಿಡ್ದಿರುತ್ತೆ, ಪಡುವಣ ಗೋಡೆಗೆ ಮಳೆ ಇರಿಚಲು ಬಡೀದ ಹಾಗೆ ಅಡಿಕೆ ಸೋಗೆ ತಟ್ಟಿ ಕಟ್ಟಿಸ್ಬೇಕು. 30ರ ಒಳಗೆ ಮಕ್ಕಳಿರೋ ಶಾಲೆಗೆ ವರ್ಷಕ್ಕೆ ಬರೋ ಅನುದಾನ 10,000. ಅದ್ರಲ್ಲಿ ಸುಣ್ಣ, ಸೀಮೆಸುಣ್ಣ, ಫಿನಾಯಿಲು, ಪೊರಕೆ, ರಿಜಿಸ್ಟರು, ರೀಚಾರ್ಜು ಎಲ್ಲಾ. ಹಂಚು ಹಾಕೋನ ಒಂದು ದಿನದ ಕೂಲಿ ಕೇಳಿದ್ರೆ ನೀವು ಎದ್ದು ಹೋಗ್ತೀರಿ. ನಮ್ಮ ಎಸ್‌ಡಿಎಂಸಿ, ಅಂದ್ರೆ ಮಕ್ಕಳ ಅಪ್ಪ ಅಮ್ಮಂದಿರು ಇರೋ ಶಾಲಾಭಿವೃದ್ಧಿ ಸಮಿತಿ, ಅದ್ರ ಅಧ್ಯಕ್ಷರು ಅಡಿಕೆ ಮರ ಹತ್ತಿ ಕೊನೆ ಇಳಿಸೋ ಕೊನೆಗಾರ, ಅವ್ರೇ ಮಾಡು ಹತ್ತಿ ಸರಿ ಮಾಡ್ತಾರೆ, ಕೆಳಗೆ ನಿಂತು ಹಂಚು ಕೊಡೋದು ನಾವು ಟೀಚರ್‌ಗಳು. ಎಸ್‌ಡಿಎಂಸಿ ಅಂದ್ರೆ ಬರೀ ರಾಜಕೀಯ ಅಂತ ಬಯ್ಯೋರಿಗೆ ನಮ್ಮ ಅಧ್ಯಕ್ಷರನ್ನ ತೋರಿಸ್ಬೇಕು ಅನ್ಸುತ್ತೆ.

ಮಳೆ ರಜೆ ಅನ್ನೋದು ಹೊರಗಿನೋರಿಗೆ ಖುಷಿ ಸುದ್ದಿ. ಹೆಡ್ಡಿಗೆ ಅದು ಬೆಳಿಗ್ಗೆ ಐದೂವರೆಗೆ ಎದ್ದು ಮೆಸೇಜ್ ಕಾಯೋ ಕೆಲ್ಸ. ರಜೆ ಘೋಷಣೆ ಆಗೋದು ಕೆಲವು ಸಲ ಏಳು ಗಂಟೆಗೆ, ನಮ್ಮ ದೂರದ ಮಕ್ಕಳು ಮನೆ ಬಿಡೋದು ಎಂಟೂವರೆಗೆ, ಈ ಒಂದೂವರೆ ಗಂಟೇಲಿ ಸಿಗ್ನಲ್ ಇಲ್ದಿರೋ ಮನೆಗಳಿಗೆ ಸುದ್ದಿ ಮುಟ್ಟಿಸ್ಬೇಕು. ರಜೆ ಇಲ್ಲದ ದಿನ ಇನ್ನೂ ಕಷ್ಟ. ಬೆಳಿಗ್ಗೆ ಇಷ್ಟೇ ಇದ್ದ ಹಳ್ಳ ಮಧ್ಯಾಹ್ನ ಎರಡು ಗಂಟೆಗೆ ಮಕ್ಕಳು ನಡ್ಕೊಂಡು ದಾಟೋ ಸಣ್ಣ ಸೇತುವೆ, ಆ ಕಾಲುಸಂಕದ ಹತ್ರ ಹತ್ರ ಬಂದಿರುತ್ತೆ. ಆಗ ಯಾರನ್ನ ಕೇಳೋದು? ಯಾರನ್ನೂ ಕೇಳಲ್ಲ. ಆ ಕಡೆ ದಂಡೆ ಮಕ್ಕಳನ್ನ ಮೊದ್ಲು ಕಳಿಸಿಬಿಡ್ತೀನಿ, ನಾನೋ ನಮ್ಮ ಟೀಚರೋ ಸಂಕ ದಾಟಿಸಿ ಬರ್ತೀವಿ, ಶಾಲೆಯಿಂದ ಹೊರಗೆ ಹೋಗಿದ್ದನ್ನ ದಾಖಲೆ ಮಾಡೋ ಚಲನವಲನ ವಹಿಲಿ ಬರೆದಿರ್ತೀನಿ. ಮೇಲಿನೋರು ಯಾರಾದ್ರೂ ಅದೇ ಹೊತ್ತಿಗೆ ವಿಸಿಟ್ ಬಂದು ಮಕ್ಕಳು ಕಮ್ಮಿ ಅಂದ್ರೆ ಹಳ್ಳ ತೋರಿಸ್ತೀನಿ. ಮಳೆ ರಜೆಗಳನ್ನೆಲ್ಲ ಆಮೇಲೆ ಶನಿವಾರ ಮಧ್ಯಾಹ್ನ, ಭಾನುವಾರ ಅಂತ ಕ್ಲಾಸ್ ಮಾಡಿ ತುಂಬಿಸ್ಬೇಕು, ಭಾನುವಾರ ಯಾವ ಮಗು ಬರುತ್ತೆ ಅಂತ ಬರೆದವ್ರಿಗೂ ಗೊತ್ತು.

ಶರಾವತಿ ಹಿನ್ನೀರಿನಾಚೆ, ತುಮರಿ ಕಡೆ ಕೆಲ್ಸ ಮಾಡ್ತಿದ್ದ ನನ್ನ ಗೆಳತಿಗೆ ಇದಕ್ಕಿಂತ ಬೇರೆ ಥರದ ಗಡಿಯಾರ ಇತ್ತು, ಹಿನ್ನೀರು ದಾಟಿಸೋ ಲಾಂಚಿನದ್ದು. ಸಂಜೆ ಕೊನೆ ಲಾಂಚ್ ತಪ್ಪಿದ್ರೆ ಆ ರಾತ್ರಿ ಆ ಕಡೆನೇ. ಮೀಟಿಂಗ್ ಮುಗಿಯೋ ಮುಂಚೆ ಎದ್ದು ಹೋಗ್ತಾಳೆ ಅಂತ ಅವಳಿಗೆ ಹೆಸರೇ ಬಂದಿತ್ತು. 2025ರ ಜುಲೈ 14ರಂದು ಆ ಹಿನ್ನೀರಿನ ಮೇಲೆ ಕಟ್ಟಿದ ಸಿಗಂದೂರು ಸೇತುವೆ ಉದ್ಘಾಟನೆ ಆದ್ಮೇಲೆ ಫೋನ್ ಮಾಡಿ ಇನ್ಮೇಲೆ ಮೀಟಿಂಗಿಂದ ತಪ್ಪಿಸ್ಕೊಳ್ಳೋಕೆ ಕಾರಣ ಇಲ್ಲ ಕಣೇ ಅಂತ ಗೋಳಾಡಿದ್ಲು.

ನಂಗೆ ತುಂಬಾ ಇಷ್ಟದ ದಿನ ಯಾವುದು ಗೊತ್ತಾ, ಶೂ ಅಳತೆ ತಗೊಳ್ಳೋ ದಿನ. ಒಂದರಿಂದ ಐದನೇ ಕ್ಲಾಸಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್, ಎಲ್ಲಾ ಸೇರಿ 265 ರೂಪಾಯಿ ರೇಟು ನಾವು ತಗೊಂಡಾಗ. ಶಾಲೆನೇ ಖರೀದಿ ಮಾಡ್ಬೇಕು. ಅದಕ್ಕೆ ಹಳೇ ಪೇಪರ್ ಹಾಸಿ ಪ್ರತಿ ಮಗುವಿನ ಪಾದ ಇಡಿಸಿ ಪೆನ್ಸಿಲಲ್ಲಿ ಗೆರೆ ಹಾಕೋದು. ಕಚಗುಳಿ ಆಗಿ ಕಿಲಕಿಲ ನಗ್ತಾವೆ. ಆ ಗೆರೆ ಹಾಕೋವಾಗಲೇ ಗೊತ್ತಾಗೋದು ಯಾರ ಹಿಮ್ಮಡಿ ಒಡ್ದಿದೆ, ಯಾರ ಬೆರಳ ಸಂದಿ ನೀರಿಗೆ ಕೊಳೆತಿದೆ, ಯಾರ ಕಾಲಿಗೆ ಮುಳ್ಳು ಹೊಕ್ಕು ಕೀವಾಗಿದೆ. ಇಡೀ ವರ್ಷ ಬೆಂಚಿನ ಈ ಕಡೆಯಿಂದ ಮುಖ ನೋಡಿರ್ತೀವಿ, ಕಾಲು ನೋಡಿರಲ್ಲ. ಪೇಪರ್ ಕಟ್ಟು ಹಿಡ್ಕೊಂಡು ಪೇಟೆ ಅಂಗಡಿಗೆ ಹೋದ್ರೆ ಅಂಗಡಿಯೋನು ಸೈಜ್ ನಂಬರ್ ಹೇಳಿ ಮೇಡಂ ಅಂತಾನೆ, ನಾನು ಪೇಪರ್ ಪಾದ ಒಂದೊಂದೇ ಅವನ ಟೇಬಲ್ ಮೇಲೆ ಇಡ್ತೀನಿ. ಶೂ ಬಂದ್ಮೇಲೆ ಮಳೆಗಾಲ ಇಡೀ ಆ ಶೂನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬ್ಯಾಗಲ್ಲಿಟ್ಕೊಂಡು ಬರಿಗಾಲಲ್ಲಿ ಬಂದು, ಜಗಲೀಲಿ ಕಾಲು ಒರ್ಸಿ ಹಾಕ್ಕೊಳ್ತವೆ. ವಿತರಣೆ ಫೋಟೋಲಿ ಮಾತ್ರ ಎಲ್ಲಾ ಫಳಫಳ.

ಇನ್ನು ದಾಖಲಾತಿ ಪುಸ್ತಕ. ಸಾಕ್ಷಿ ಕೊಡೋದು ಭಾರ ಅಂತ ಮೇಲೆ ಬರೆದ್ನಲ್ಲ, ಆ ಮಾತಿಗೆ ತಿದ್ದುಪಡಿ ಹಾಕೋದು ಈ ಒಂದು ಪುಸ್ತಕ. ನಮ್ಮ ಶಾಲೆ ಬೀರುಲಿ ಸ್ವಾತಂತ್ರ್ಯಕ್ಕೂ ಹಿಂದಿನ ದಾಖಲಾತಿ ಪುಸ್ತಕ ಇದೆ, ಕಪ್ಪು ಶಾಯಿ, ದುಂಡು ಅಕ್ಷರ, ಹಾಳೆ ಅಂಚು ಗೆದ್ದಲು ತಿಂದಿದೆ ಅಷ್ಟೇ. ವಾರಕ್ಕೊಬ್ರಾದ್ರೂ ಅದನ್ನ ಹುಡುಕ್ಕೊಂಡು ಬರ್ತಾರೆ. ಪಿಂಚಣಿಗೆ ವಯಸ್ಸು ಬೇಕು, ಜಾತಿ ಸರ್ಟಿಫಿಕೇಟಿಗೆ ಅಪ್ಪನ ಎಂಟ್ರಿ ಬೇಕು. ವಯಸ್ಸು ನೋಡೋಕೆ ಹೋದ್ರೆ ಅರ್ಧ ಊರಿನ ಹುಟ್ಟಿದ ದಿನ ಜೂನ್ 1. ಆಗಿನ ಮೇಷ್ಟ್ರು ಮಗುನ ಕೈ ಹಿಡ್ದು ಕರ್ಕೊಂಡು ಬಂದು ಅಂದಾಜಿಗೆ ಒಂದು ತಾರೀಖು ಹಾಕಿದ್ರು, ಈಗ ಅದನ್ನ ತಿದ್ದೋ ಅಧಿಕಾರ ನಂಗಿಲ್ಲ, ಅಜ್ಜಂದಿರಿಗೆ ಇದನ್ನ ಅರ್ಥ ಮಾಡ್ಸೋಕೆ ಹೋದ್ರೆ ಬರೆದಿದ್ದು ನಿಮ್ಮ ಶಾಲೆ ಮೇಷ್ಟ್ರೇ ಅಲ್ವಾ ಮೇಡಂ ಅಂತಾರೆ.

ಅದಕ್ಕಿಂತ ದೊಡ್ಡ ವಿಷ್ಯ ಅರಣ್ಯ ಹಕ್ಕಿನದ್ದು. 2006ರ ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರಲ್ಲದವರು ಕಾಡಿನ ಜಾಗದ ಹಕ್ಕು ಕೇಳ್ಬೇಕಾದ್ರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲೇ ಇದ್ದು ಕಾಡನ್ನೇ ನಂಬಿ ಬದುಕಿದ್ದಕ್ಕೆ ಆಧಾರ ತೋರಿಸ್ಬೇಕು. ಲೆಕ್ಕ ಹಾಕಿ, 1930ಕ್ಕೆ ಹೋಗುತ್ತೆ. 1930ರಲ್ಲಿ ಗುಡ್ಡದ ಮೇಲೆ ಗುಡಿಸಲು ಹಾಕ್ಕೊಂಡಿದ್ದ ಮನುಷ್ಯನ ಹತ್ರ ಯಾವ ಕಾಗದ ಇರುತ್ತೆ? ಹಾಗಾಗಿ ನಮ್ಮ ಅಜ್ಜ ಎರಡು ವರ್ಷ ಶಾಲೆಗೆ ಬಂದಿದ್ನಂತೆ ನೋಡಿ ಮೇಡಂ ಅಂತ ಬರ್ತಾರೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯ್ತಲ್ಲ, ಅದಕ್ಕೆ ಮನೆ ಮುಳುಗಿ ಈ ಕಡೆ ಬಂದು ಕೂತವರ ಮೊಮ್ಮಕ್ಕಳೂ ಬರ್ತಾರೆ, ಅವ್ರ ಅಜ್ಜಂದಿರ ಊರೇ ನೀರಡಿ ಇದೆ. ಬಾಗಿಲು ಹಾಕಿ, ಪುಸ್ತಕ ಮೇಜಿನ ಮೇಲಿಟ್ಟು, ನಿಧಾನಕ್ಕೆ ಒಂದೊಂದೇ ಹಾಳೆ ತಿರುಗಿಸ್ತೀನಿ. ಹೆಸರು, ತಂದೆ ಹೆಸರು, ವಾಸದ ಊರು, ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ. ಕಾರಣದ ಕಾಲಂ ಓದ್ತಾ ಹೋದ್ರೆ ಊರಿನ ಚರಿತ್ರೆನೇ ಸಿಗುತ್ತೆ: ದನ ಕಾಯಲು, ತಂದೆ ತೀರಿದ್ದರಿಂದ, ಘಟ್ಟದ ಕೆಳಗೆ ಹೋದರು, ಮದುವೆ. ಹೆಸರು ಸಿಕ್ಕಿದ ದಿನ ಬಂದವ್ರು ಅಲ್ಲೇ ಕೂತು ಅಳ್ತಾರೆ ಕೆಲವು ಸಲ. ಸಿಕ್ಕಿದ ಮಾತ್ರಕ್ಕೆ ಜಾಗ ಸಿಗುತ್ತೆ ಅಂತಲ್ಲ, ಅದು ಬೇರೆ ಕತೆ. ಆದ್ರೆ ಆ ಮೇಷ್ಟ್ರು ಯಾರೋ, ಒಂದು ಸಾಲು ನೆಟ್ಟಗೆ ಬರೆದು ಹೋಗಿದ್ದು ಇವತ್ತಿಗೂ ಕೆಲ್ಸ ಮಾಡ್ತಿದೆ. ನಾನು ಹೋದ ವರ್ಷ ಅಪ್‌ಲೋಡ್ ಮಾಡಿದ ಜಿಪಿಎಸ್ ಫೋಟೋಗಳು ಎಲ್ಲಿವೆ ಅಂತ ನನಗೇ ಗೊತ್ತಿಲ್ಲ. ಅದಕ್ಕೇ ಹೊಸ ಮಗು ಸೇರೋ ದಿನ ಎಷ್ಟೇ ಗಡಿಬಿಡಿ ಇದ್ರೂ ದಾಖಲಾತಿ ಪುಸ್ತಕ ಮಾತ್ರ ನಾನೇ ಕೂತು, ಒಳ್ಳೆ ಪೆನ್ನಲ್ಲಿ, ಅಪ್ಪ ಅಮ್ಮನ ಎದುರಿಗೆ ಓದಿ ಹೇಳಿ ಬರೀತೀನಿ.

ಹೊಸ ಮಗು ಅಂದೆ. ಅದೇ ಈಗ ಅಪರೂಪ. ಏಪ್ರಿಲ್ ಮೇ ಬಂತು ಅಂದ್ರೆ ಅಂಗನವಾಡಿ ಟೀಚರಿಂದ ಪಟ್ಟಿ ತಗೊಂಡು ಮನೆ ಮನೆಗೆ ಹೋಗೋದು. ಮಂಗನ ಕಾಯಿಲೆ ಸೀಸನ್ನೂ ಅದೇ ಹೊತ್ತಿಗೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದ್ಲು ಪತ್ತೆ ಆಗಿದ್ದು ಇನ್ನೂ ನಮ್ಮನ್ನ ಬಿಟ್ಟಿಲ್ಲ, ಆ ಜ್ವರ ಹರಡೋ ಉಣುಗು ಕಚ್ಚದ ಹಾಗೆ ಕೈಕಾಲಿಗೆ ಎಣ್ಣೆ ಹಚ್ಕೊಂಡು ಕಾಡುದಾರಿ ಹಿಡಿಯೋದು. ಕಾಡಲ್ಲಿ ಮಂಗ ಸತ್ತು ಬಿದ್ದಿದ್ರೆ ಆಶಾ ಕಾರ್ಯಕರ್ತೆಗಿಂತ ಮುಂಚೆ ಮಕ್ಕಳು ನಂಗೆ ಬಂದು ಹೇಳ್ತವೆ, ನಾನು ಆಸ್ಪತ್ರೆಗೆ ಫೋನ್ ಮಾಡ್ತೀನಿ, ಇದು ಯಾವ ಸುತ್ತೋಲೇಲೂ ಇಲ್ಲದ ಕೆಲ್ಸ. ಮನೆಗೆ ಹೋದ್ರೆ ಕಾಫಿ ಕೊಡ್ತಾರೆ, ಹಲಸಿನ ಹಪ್ಪಳ ಕೊಡ್ತಾರೆ, ಮಗುನ ಮಾತ್ರ ಕೊಡಲ್ಲ. ಹಳದಿ ವ್ಯಾನು ಮನೆ ಗೇಟಿಗೆ ಬರುತ್ತೆ ಮೇಡಂ, ಇಂಗ್ಲಿಷ್ ಬೇಕಲ್ಲ. ನಾನು ವಾದ ಮಾಡಲ್ಲ ಈಗೀಗ. ಇಬ್ರು ಟೀಚರ್ ಐದು ಕ್ಲಾಸ್ ಅಂದ್ರೆ ಯಾವ ತಾಯಿಗಾದ್ರೂ ಅಳುಕು ಇರುತ್ತೆ. ವ್ಯಾನಿಗೆ ದುಡ್ಡು ಕೊಡೋಕಾಗದ ಮನೆ, ಆಮೇಲೆ ವ್ಯಾನ್ ಹೋಗೋಕೆ ರಸ್ತೆ ಇಲ್ಲದ ಮನೆ, ಈ ಎರಡು ಕಡೆಯಿಂದ ಬರೋ ಮಕ್ಕಳು ನಮ್ಮವು. ಶಾಲೆ ಮುಚ್ತಾರಂತೆ, ದೊಡ್ಡ ಶಾಲೆಗೆ ಸೇರಿಸ್ತಾರಂತೆ ಅನ್ನೋ ಗಾಳಿಮಾತು ಪ್ರತಿ ವರ್ಷ ಬೀಸುತ್ತೆ. ದೊಡ್ಡ ಶಾಲೇಲಿ ಲ್ಯಾಬು, ಆಟದ ಬಯಲು, ಕ್ಲಾಸಿಗೊಬ್ರು ಟೀಚರ್ ಎಲ್ಲಾ ಸಿಗುತ್ತೆ, ಅದು ಸುಳ್ಳಲ್ಲ, ನಾನು ಅದನ್ನ ವಿರೋಧ ಮಾಡೋಳೂ ಅಲ್ಲ. ಹಳ್ಳ ದಾಟಿ ಬರೋ ಆ ಮೂರನೇ ಕ್ಲಾಸಿನ ಹುಡುಗಿಗೆ ವ್ಯಾನ್ ಎಲ್ಲಿ ತನಕ ಬರುತ್ತೆ ಅನ್ನೋದೊಂದು ಹೇಳ್ಬಿಟ್ರೆ ಸಾಕು.

ಪಾಠ ಯಾವಾಗ ಮಾಡ್ತೀರಿ ಅಂತ ಕೇಳ್ತೀರಿ. ಒಂದರಿಂದ ಮೂರು ನಲಿಕಲಿ, ಅದನ್ನ ನಮ್ಮ ಸಹಶಿಕ್ಷಕಿ ನೋಡ್ಕೋತಾರೆ, ಕಾರ್ಡು, ತಟ್ಟೆ, ಮೆಟ್ಟಿಲು ಅಂತ ಮಕ್ಕಳು ಅವರವರ ವೇಗಕ್ಕೆ ಹೋಗೋ ಪದ್ಧತಿ, ಇಂಥಾ ಸಣ್ಣ ಶಾಲೆಗೆ ಹೇಳಿ ಮಾಡ್ಸಿದ್ದು. ನಾಲ್ಕು ಐದು ನಂದು, ಒಟ್ಟು ಒಂಬತ್ತು ಮಕ್ಕಳು, ಒಂದೇ ಕೋಣೆ. ಊಟ ಆದ್ಮೇಲೆ ಎರಡು ಗಂಟೆಯಿಂದ ಮೂರೂವರೆ ತನಕ ನಾನು ಫೋನ್ ಮುಟ್ಟಲ್ಲ. ಇದು ನಂದೇ ನಿಯಮ. ಆಗ ಭಾಗಾಕಾರ ಇರ್ಲಿ, ನಕ್ಷೆ ಇರ್ಲಿ, ಕುಳಿತು ಮಾಡೋದು. ಭಿನ್ನರಾಶಿಗೆ ಅಡಿಕೆನೇ ಸಾಕು, ಹೋಳು ಮಾಡಿ ಅರ್ಧ ಕಾಲು ಅಂದ್ರೆ ತಕ್ಷಣ ತಿಳಿಯುತ್ತೆ, ಇಲ್ಲಿನ ಮಕ್ಕಳಿಗೆ ಕತ್ತಿ ಹಿಡಿಯೋದು ನನಗಿಂತ ಚೆನ್ನಾಗಿ ಗೊತ್ತು. ಈಗ ಪಾಠಕ್ಕೊಂದು ಮೌಲ್ಯಾಂಕನ ಬಂದಿದೆ, ಪಾಠ ಮುಗಿದ ತಕ್ಷಣ ಪರೀಕ್ಷೆ, ಅಂಕ ಎಂಟ್ರಿ. ಮಗು ಎಲ್ಲಿ ಹಿಂದೆ ಬಿದ್ದಿದೆ ಅಂತ ತಿಳಿಯೋಕೆ ಅಂತಾರೆ. ಒಂಬತ್ತು ಮಕ್ಕಳಲ್ಲಿ ಯಾರು ಎಲ್ಲಿ ಎಡವ್ತಾರೆ ಅಂತ ನಂಗೆ ನಿದ್ದೇಲಿ ಕೇಳಿದ್ರೂ ಹೇಳ್ತೀನಿ, ಅವ್ರಿಗೆ ಬೇಕಾಗಿರೋದು ಅದನ್ನ ಸರಿಮಾಡೋಕೆ ನಂಗೆ ಸಿಗೋ ಇನ್ನೊಂದು ಗಂಟೆ.

ಹೋದ ತಿಂಗಳು ಒಬ್ಳು ಚಿಕ್ಕ ವಯಸ್ಸಿನ ಟೀಚರ್ ಫೋನ್ ಮಾಡಿದ್ಲು. ಎರಡು ಗುಡ್ಡದಾಚೆ ಶಾಲೆ, ಅಲ್ಲಿನ ಮೇಷ್ಟ್ರು ರಿಟೈರ್ ಆದ್ರು, ಇವಳು ಬಯಲುಸೀಮೆಯೋಳು, ಸರ್ವಿಸ್ ಸರಿಯಾಗಿ ಎರಡು ವರ್ಷ ಆಗಿಲ್ಲ, ಪ್ರಭಾರ ಬಂತು. ಮೇಡಂ ಏನ್ ಏನ್ ನೋಡ್ಕೊಂಡು ಸಹಿ ಹಾಕ್ಲಿ ಅಂತ ಗಾಬರೀಲಿ ಕೇಳಿದ್ಲು. ನೋಡಮ್ಮ, ಮೊದ್ಲು ದಾಖಲಾತಿ ಪುಸ್ತಕ ಎಷ್ಟು ಸಂಪುಟ ಇದೆ ಎಣಿಸ್ಕೋ, ಕೊನೆ ನಂಬರ್ ಬರ್ಕೋ. ಖಾಲಿ ಟಿಸಿ ಪುಸ್ತಕದ ಕ್ರಮಸಂಖ್ಯೆ ಬರ್ಕೋ. ನಗದು ಪುಸ್ತಕದ ಬಾಕಿಗೂ ಪಾಸ್‌ಬುಕ್ಕಿಗೂ ತಾಳೆ ಇದ್ಯಾ ನೋಡು, ಬ್ಯಾಂಕಲ್ಲಿ ಸಹಿ ಬದಲಾಯಿಸೋಕೆ ಎಸ್‌ಡಿಎಂಸಿ ನಡಾವಳಿ ಇವತ್ತೇ ಬರ್ಸು, ಇಲ್ಲಾಂದ್ರೆ ಅಡುಗೆಯೋರಿಗೆ ತರಕಾರಿ ದುಡ್ಡು ಕೊಡೋಕಾಗದೆ ನೀನೇ ತಿಂಗಳುಗಟ್ಲೆ ಕೈಯಿಂದ ಹಾಕ್ತೀಯ. ಅಡುಗೆಯೋರ ಜೊತೆ ಜಗಳ ಮಾಡ್ಕೋಬೇಡ, ಊರಿನ ಎಲ್ಲಾ ಸುದ್ದಿ ಅವ್ರ ಹತ್ರ ಇರುತ್ತೆ. ಆಮೇಲೆ ಅಕ್ಕಿ. ಪುಸ್ತಕದಲ್ಲಿ ಎಷ್ಟಿದೆ ಅಂತ ಓದಿ ಸಹಿ ಹಾಕ್ಬೇಡ, ಮೂಟೆ ತೂಕ ಮಾಡ್ಸಿಯೇ ಹಾಕು, ಒಳ್ಳೆ ಮನುಷ್ಯರೇ ಇರ್ಬಹುದು, ಇಲಿ ತಿಂದಿದ್ದಕ್ಕೂ ನಾಳೆ ನೀನೇ ಉತ್ತರ ಹೇಳ್ಬೇಕು.

ಎಲ್ಲಾ ಬರ್ಕೊಂಡ್ಲು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಮೇಡಂ ಈ ಶಾಲೇಲಿ ತಕ್ಕಡಿನೇ ಇಲ್ಲ ಅಂದ್ಲು. ನಮ್ಮದನ್ನ ಮಾರನೇ ದಿನ ಬೆಳಿಗ್ಗೆ ಬಸ್ಸಲ್ಲಿ ಕೊಟ್ಟು ಕಳಿಸಿದೀನಿ, ಕಂಡಕ್ಟರು ಇಳಿಸಿದಾನಂತೆ, ಇನ್ನೂ ವಾಪಸ್ ಬಂದಿಲ್ಲ, ಅಲ್ಲಿ ತನಕ ನಮ್ಮ ಅಡುಗೆಯಕ್ಕ ಸೇರಲ್ಲಿ ಅಳೀತಿದಾರೆ.